ಊಟ ತಯಾರ ಇರ್ತೈತಿ, ಉಣ್ಣೋ ತಾಯಂದ್ರು ಬರವಲ್ರು. ನಿಮ್ಮ ಕಡೆ ಹೆಂಗ ಮಾಡೀರಿ ಹೇಳ್ರಿ

ಶಿರಹಟ್ಟಿ ಕಡೆಯಾಕಿ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ ಜಿಲ್ಲಾದ ಶಿರಹಟ್ಟಿ ತಾಲೂಕಿನಾಕಿ. ನಮ್ಮ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಕಡಿಂದ ಬಸುರೇರು, ಬಾಣಂತ್ಯಾರು ಮತ್ತ ಸಣ್ಣ ಕೂಸುಗಳ ಪೌಷ್ಟಿಕ ಆಹಾರದ ಕೆಲಸ ನೋಡ್ಕೊಳ್ಳಾಕ ನನ್ನ ಕೋಆರ್ಡಿನೇಟರ್ ಅಂತ ಮಾಡ್ಯಾರ, ಎಂಟು ತಿಂಗಳಾತು. ಎರಡು ಊರು, ಒಂದು ತಾಂಡಾ, ಒಟ್ಟು ಏಳು ಅಂಗನವಾಡಿ. ಅಡಗಿ ಮಾಡೂದು ನಾನಲ್ಲ, ತೂಕ ಮಾಡೂದು ನಾನಲ್ಲ, ಗುಳಿಗಿ ಕೊಡೂದೂ ನಾನಲ್ಲ. ಟೀಚರ್, ಆಶಾ, ದವಾಖಾನಿ ಸಿಸ್ಟರ್, ಪಂಚಾಯ್ತಿಯವರು, ಸಂಘದ ಹೆಣ್ಮಕ್ಳು ಇವರನ್ನೆಲ್ಲಾ ಒಂದ ಕಡೆ ಕೂಡಿಸಿ, ಯಾವ ತಾಯಿನೂ ಯಾವ ಕೂಸೂ ಕೈತಪ್ಪಿ ಹೋಗದಂಗ ನೋಡೂದು ನನ್ನ ಕೆಲಸ.

ತ್ರಾಸ ಏನಂದ್ರ ಊಟ ಐತಿ, ಉಣ್ಣೋರಿಲ್ಲ. ಬಸುರೇರಿಗೆ ಬಾಣಂತ್ಯಾರಿಗೆ ಅಂಗನವಾಡಿಯಾಗ ಊಟ ಕೊಡೂ ಸರ್ಕಾರದ ಯೋಜನಾ ಮಾತೃಪೂರ್ಣದಾಗ ತಿಂಗಳಿಗೆ 25 ದಿನ ಅನ್ನ, ಸಾರು, ಪಲ್ಯ, ತತ್ತಿ, 200 ಎಂಎಲ್ ಹಾಲು, ಶೇಂಗಾ ಚಿಕ್ಕಿ ಕೊಡಬೇಕು, ನಮ್ಮ ಟೀಚರ್‌ಗೋಳು ಹೊತ್ತಿಗೆ ಸರಿ ಮಾಡಿ ಇಡ್ತಾರ, ಅವರ ಮ್ಯಾಲೆ ನನ್ನ ತಕರಾರಿಲ್ಲ. ಜೂನ್‌ನಾಗ ಒಂದು ಕೇಂದ್ರಕ್ಕ ದಿನಾ ಹದಿನಾಲ್ಕು ಮಂದಿ ಬರ್ತಿದ್ರು. ಹೊಲದಾಗ ಹೆಸರುಕಾಳಿನ ಬುಡ್ಡಿ (ಕಾಯಿ) ಬಿಡಸೂದು ಚಾಲೂ ಆತು ನೋಡ್ರಿ, ಅದ ಕೇಂದ್ರದಾಗ ಈಗ ಮೂರ ಮಂದಿ, ಅದ್ರಾಗ ಇಬ್ರು ದಿನ ತುಂಬಿದವರು, ಹೊಲಕ್ಕ ಹೋಗಾಕ ಆಗಂಗಿಲ್ಲ ಅಂತ ಮನ್ಯಾಗ ಉಳದವರು. ಟೀಚರ್ ಫೋನ್ ಮಾಡ್ತಾರ, ಆಯಾ ಮನಿಮನಿಗೆ ಹೋಗಿ ಕರೀತಾರ, ಹೂಂ ಬರ್ತೇವಿ ಅಂತಾರ, ಬರಂಗಿಲ್ಲ. ನಾನು ಮೊದಲು ಇವರಿಗೆ ತಿಳುವಳಿಕಿ ಕಡಿಮಿ ಅಂತ ತಿಳ್ಕೊಂಡು ಮೀಟಿಂಗ್ ಮ್ಯಾಲೆ ಮೀಟಿಂಗ್ ಮಾಡಿ ತತ್ತಿದಾಗ ಏನೈತಿ, ಹಾಲಿನಾಗ ಏನೈತಿ ಅಂತ ಹೇಳಿದ್ನಿ. ಮೊನ್ನೆ ನಾನ ಹೊಲಕ್ಕ ಹೋಗಿ ಒಬ್ಬಾಕಿ ಜೋಡಿ ಬದುವಿನ ಮ್ಯಾಲೆ ಕುಂತಿದ್ನಿ, ಐದು ತಿಂಗಳ ಬಸುರಿ. ಆಕಿ ಹೇಳಿದ್ಲು, ಅಕ್ಕಾ ಊಟಕ್ಕ ಊರಿಗೆ ಬಂದು ಹೋಗೂದ್ರಾಗ ಅರ್ಧಾ ದಿನದ ಪಗಾರ ಹೊಕ್ಕೈತಿ, ನಿಮ್ಮ ಪುಕಟ್ ಊಟ ನನಗ ಅಷ್ಟು ತುಟ್ಟಿ ಬೀಳತೈತ್ರಿ, ಅಂತ. ಅಲ್ಲಿಂದ ಮನಿಗೆ ಬರೂತನಕ ಅದ ಮಾತು ತಲ್ಯಾಗಿತ್ತು. ಇಷ್ಟು ದಿನ ಆಕಿಗೆ ಗೊತ್ತಿಲ್ಲದ್ದನ್ನ ಹೇಳಾಕ ಹೋಗಿದ್ನಿ, ಆಕಿಗೆ ಎಲ್ಲಾ ಗೊತ್ತೈತಿ, ನನಗ ಆಕಿ ದಿನ ಹೆಂಗ ಹೋಗತೈತಿ ಅನ್ನೂದ ಗೊತ್ತಿರಲಿಲ್ಲ.

ಎರಡನೇದು, ಆರು ತಿಂಗಳಿಂದ ಎರಡು ವರ್ಷದ ತನಕದ ಕೂಸುಗೋಳು. ಮೂರು ವರ್ಷ ಆದವು ಅಂಗನವಾಡಿಗೆ ಬಂದು ಕುಂದ್ರತಾವ, ಕಣ್ಣಿಗೆ ಬೀಳ್ತಾವ. ಇವು ಮನ್ಯಾಗ ಇರ್ತಾವ, ಅಂಗನವಾಡಿಯಿಂದ ಕೊಡೂ ಪುಷ್ಟಿ ಹಿಟ್ಟಿನ ಪಾಕೀಟು ಮನಿಗೆ ಹೊಕ್ಕೈತಿ, ಆಮ್ಯಾಲೆ ಅದನ್ನ ಯಾರು ತಿಂದ್ರು ಅಂತ ಯಾರಿಗೂ ಗೊತ್ತಿಲ್ಲ.

ಮೂರನೇದು ಬರಿಯಾಕ ಕೈ ನಡಗತೈತಿ. ಒಂದು ಹೆಣ್ಣ ಕೂಸು, 14 ತಿಂಗಳದ್ದು. ಮೂರು ತಿಂಗಳಿಂದ ತೂಕ ಏಳೂವರಿ ಕೇಜಿ ಇದ್ದಲ್ಲೇ ಐತಿ, ನೂರು ಗ್ರಾಂ ಸೈತ ಏರಿಲ್ಲ. ಟೀಚರ್ ಮೊಬೈಲ್‌ನಾಗ ಪೋಷಣ್ ಟ್ರ್ಯಾಕರ್ ಅನ್ನೂ ಸರ್ಕಾರಿ ಆ್ಯಪ್‌ಗೆ ಹಾಕ್ಯಾರ, ಆಶಾ ತನ್ನ ಪುಸ್ತಕದಾಗ ಬರಕೊಂಡಾಳ, ಸಿಸ್ಟರ್ ಲಸಿಕಿ ಹಾಕಿದಾಗ ತಾಯಿ ಕಾರ್ಡಿನಾಗ ಬರದಾರ. ಮೂರೂ ಕಡೆ ಅದ ನಂಬರ್. ಒಂದೊಂದು ಸಲ ನೋಡಿದ್ರ ತೂಕದ ಚಾರ್ಟಿನ ಹಸರು ಪಟ್ಟಿಯೊಳಗ, ಅಂದ್ರ ತೂಕ ಸರಿ ಅನ್ನೂ ಪಟ್ಟಿಯೊಳಗ ಐತಿ, ಅದಕ್ಕ ಯಾರೂ ಏನೂ ಅಂದಿಲ್ಲ. ಮೂರನ್ನೂ ಒಂದ ಸಾಲಿಗೆ ಇಟ್ಟು ನೋಡಿದವರು ಯಾರೂ ಇಲ್ಲ, ಆ ಕೆಲಸಕ್ಕ ಇದ್ದಾಕಿ ನಾನು. ನಾನೂ ನೋಡಿದ್ದಿಲ್ಲ.

ಬ್ಯಾರೆ ತಾಲೂಕಿನವರು ಸುಗ್ಗಿ ದಿನದಾಗ ಊಟದ ಹೊತ್ತು ಹೆಂಗ ಹೊಂದಸ್ತೀರಿ, ಮನ್ಯಾಗಿನ ಕೂಸಿನ ಊಟ ಹೆಂಗ ನೋಡ್ತೀರಿ, ಈ ಮೂರು ಪುಸ್ತಕ ಹೆಂಗ ಕೂಡಸ್ತೀರಿ, ಮಾಡಿದ್ದನ್ನ ಮಾಡಿದಂಗ ಹೇಳ್ರಿ. ಸರ್ಕಾರಿ ಪುಸ್ತಕದಾಗ ಇದ್ದದ್ದು ನಾನೂ ಓದೇನಿ.


ಬ್ಯಾಡಗಿ ಟೀಚರಕ್ಕ:

ತಂಗಿ, ಬ್ಯಾಡಗಿ ತಾಲೂಕಿನಾಗ 22 ವರ್ಷದಿಂದ ಅಂಗನವಾಡಿ ನಡಸಾಕತ್ತೇನಿ. ನಿನ್ನ ಹೊಲದ ಮಾತು ಓದಿ ನಮ್ಮ ಕೇಂದ್ರನ ಕಣ್ಣಮುಂದ ಬಂತು. ನಮ್ಮಲ್ಲಿ ಹೆಸರುಕಾಳಿನ ಜಾಗಾದಾಗ ಮೆಣಸಿನಕಾಯಿ ಐತಿ, ಅಷ್ಟ ಫರಕು. ಜನವರಿಯಿಂದ ಮಾರ್ಕೆಟ್ ಜೋರ ಇರೂ ದಿನದಾಗ ಹೆಣ್ಮಕ್ಳೆಲ್ಲಾ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಸಾಕ ಹೊಕ್ಕಾರ, ಬಸುರೇರೂ ಹೊಕ್ಕಾರ, ಆ ಘಾಟಿನಾಗ ಮುಂಜಾನಿಂದ ಸಂಜಿತನಕ ಕುಂದ್ರತಾರ. ಕೇಜಿ ಲೆಕ್ಕದಾಗ ಕೂಲಿ, ಎದ್ದು ಹೋದ್ರ ಕೂಲಿ ಹೋತು.

2017 ರ ಅಕ್ಟೋಬರ್ 2 ಕ್ಕ ಮಾತೃಪೂರ್ಣ ಇಡೀ ರಾಜ್ಯಕ್ಕ ಬಂದಾಗ ಮೊದಲಿನ ತಿಂಗಳು ನಮ್ಮಲ್ಲಿ ನಾಕ ಮಂದಿ ಬಂದ್ರು, ಬಂದವರೂ ಗ್ವಾಡಿ ಕಡೆ ಮುಖ ಮಾಡಿ ಉಣ್ಣವ್ರು. ಮಂದಿ ನೋಡ್ತಾರ ಅಂತ. ಮನ್ಯಾಗ ಇಲ್ಲನು, ಅಂಗನವಾಡಿಗೆ ಹೋಗಿ ಉಣ್ಣಬೇಕನು ಅಂತ ಅತ್ತಿ ಬೈತಾರ ಅಂತ. ಈಗ ಹಂಗಿಲ್ಲ, ಆದ್ರ ಅಷ್ಟಕ್ಕ ಎರಡು ವರ್ಷ ಬೇಕಾತು.

ಹೊತ್ತಿನ ವಿಚಾರ ಹೇಳ್ತೇನಿ ಕೇಳು. ನಿಯಮ ಏನಂದ್ರ ಕೇಂದ್ರದಾಗ ಕುಂತ ಉಣ್ಣಬೇಕು. ಅದಕ್ಕ ಕಾರಣ ಐತಿ. ಡಬ್ಬಿ ಮನಿಗೆ ಹೋತಂದ್ರ ತತ್ತಿ ಗಂಡನ ಗಂಗಾಳಕ್ಕ, ಹಾಲು ಚಾಕ್ಕ, ಚಿಕ್ಕಿ ದೊಡ್ಡ ಹುಡುಗನ ಕಿಸೆಕ್ಕ, ನಮ್ಮಾಕಿಗೆ ಉಳಿಯೂದು ಅನ್ನ ಸಾರು. ಯಾರನ್ನೂ ಬೈಯಾಕ ಹೇಳಾಕತ್ತಿಲ್ಲ, ಆಕಿನ ಕೈಯಾರ ಹಂಚತಾಳ, ತಾಯಿ ಕರುಳು ಹಂಗ ಇರ್ತೈತಿ. ಅದಕ್ಕ ನಾನು ಸುಗ್ಗಿ ದಿನಕ್ಕ ಮಾಡಿದ್ದು ಏನಂದ್ರ, ಮೇಲ್ವಿಚಾರಕಿ ಮೇಡಂಗ ಅರ್ಜಿ ಬರದು, ಬಾಯಿಮಾತಿನಾಗ ಅಲ್ಲ ಕಾಗದದ ಮ್ಯಾಲೆ ಒಪ್ಪಿಗಿ ತಗೊಂಡು, ಮುಂಜಾನೆ ಎಂಟಕ್ಕ ಬಾಗಲಾ ತಗದ್ನಿ. ಕೂಲಿಗೆ ಹೋಗೂ ದಾರ್ಯಾಗ ಬಂದು ತತ್ತಿ ಹಾಲು ಚಿಕ್ಕಿ ನನ್ನ ಎದುರಿಗೆ ಕುಂತು ತಿನ್ನೂದು, ಅನ್ನ ಸಾರು ಪಲ್ಯ ಆಕಿ ಬುತ್ತಿಗೆ ಹಾಕಿ ಕೊಡೂದು. ಬುತ್ತಿಯಾಗಿನ ಅನ್ನ ನಾಕ ಮಂದಿ ಹಂಚ್ಕೊಂಡ್ರೂ ಅಡ್ಡಿಲ್ಲ, ಮುಖ್ಯ ಇದ್ದದ್ದು ಹೊಟ್ಟಿಗೆ ಹೋಗಿರ್ತೈತಿ. ನನಗೂ ಆಯಾಗೂ ತ್ರಾಸ ಆತು, ಐದೂವರಿಗೆ ಎದ್ದು ಕುಕ್ಕರ್ ಏರಸೂದು ಅಂದ್ರ ನಮ್ಮ ಮನಿ ಅಡಗಿ ಯಾವಾಗ ಮಾಡೂದು ಹೇಳು. ಸಂಘದಿಂದ ಒಬ್ಬಾಕಿ ಸರದಿ ಮ್ಯಾಲೆ ಬಂದು ಕೈ ಹಚ್ಚಿದ್ಲು ಅಂತ ಎರಡು ತಿಂಗಳು ನಡೀತು. ನೀನು ಒಕ್ಕೂಟದಾಕಿ ಅದಿ, ಮೊದಲು ಈ ಸರದಿ ಹಚ್ಚಿ ಆಮ್ಯಾಲೆ ಟೀಚರ್‌ಗೆ ಹೊತ್ತು ಬದಲಾಸು ಅನ್ನು. ಕೈ ಕೊಡದ ಹೊತ್ತಷ್ಟ ಬದಲ ಮಾಡಿದ್ರ ಆ ಹೊರಿ ಟೀಚರ್ ತಲಿ ಮ್ಯಾಲೆ ಬೀಳ್ತೈತಿ.

ತತ್ತಿ ಉಣ್ಣದ ಮನಿ ನಿಮ್ಮ ಕಡೆನೂ ಭಾಳ ಇರಬೇಕು. ಒತ್ತಾಯ ಮಾಡಬ್ಯಾಡ, ಮೊಳಕಿ ಹೆಸರು ಕೊಡಾಕ ಬರತೈತಿ. ಕೆಲವು ಸೊಸ್ತ್ಯಾರು ಮೆಲ್ಲಕ ತತ್ತಿ ಕೊಡ್ರಿ ಟೀಚರ ಅಂತಾರ, ಅದು ಆಕಿ ಇಷ್ಟ, ಅದನ್ನ ಊರಾಗ ಹೇಳ್ಕೋತ ಹೋಗಬಾರದು.

ಇನ್ನೊಂದು, ಕೈ ಮುಗದು ಕೇಳ್ತೇನಿ, ಮೂರು ಪುಸ್ತಕ ಕೂಡಸಾಕ ಅಂತ ನಾಕನೇ ರಿಜಿಸ್ಟರ್ ತರಬ್ಯಾಡ. ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನ ಅಂತ ತಿಂಗಳಿಗೊಮ್ಮೆ ಇದ್ದ ಐತಿ, ಅವತ್ತ ಸಿಸ್ಟರ್ ಬರ್ತಾರ, ಆಶಾ ಬರ್ತಾಳ, ನಾವು ಇರ್ತೇವಿ. ಲಸಿಕಿ ಮುಗದ ಮ್ಯಾಲೆ ಅರ್ಧಾ ತಾಸು ಬಾಗಲಾ ಹಾಕ್ಕೊಂಡು ಕುಂದ್ರ್ರಿ. ಎಲ್ಲಾ ಹೆಸರು ಓದಬ್ಯಾಡ್ರಿ, ತೂಕ ಏರದ ಕೂಸಿನ ಹೆಸರಷ್ಟ ಓದ್ರಿ. ನಮ್ಮಲ್ಲಿ ಅಂಥಾವು ನಾಕೋ ಐದೋ ಸಿಗ್ತಾವ, ಅರ್ಧಾ ತಾಸು ಸಾಕ ಆಗತೈತಿ.


ಕುಂದಗೋಳ ಡಾಕ್ಟರ್:

ಮೇಡಂ, ನಾನು ಹುಬ್ಬಳ್ಳಿಯೊಳಗ ಮಕ್ಕಳ ಡಾಕ್ಟರ್, ಊರು ಕುಂದಗೋಳ. ನಿಮ್ಮ 14 ತಿಂಗಳ ಕೂಸಿನ ಬಗ್ಗೆ ಮೊದಲು ಹೇಳ್ತೀನಿ, ಯಾಕಂದ್ರ ಅದು ಕಾಯೋ ವಿಷಯ ಅಲ್ಲ.

ಒಂದರಿಂದ ಎರಡು ವರ್ಷದೊಳಗ ಕೂಸು ಸುಮಾರು ಎರಡೂವರೆ ಕೇಜಿ ಏರಬೇಕು, ಅಂದ್ರ ತಿಂಗಳಿಗೆ ಸರಾಸರಿ 200 ಗ್ರಾಂ. ಮೂರು ತಿಂಗಳು ಗೆರೆ ಅಡ್ಡ ಹೋಗಿದೆ ಅಂದ್ರ ಕೂಸು ಹಸಿರು ಪಟ್ಟಿಯೊಳಗ ಇದ್ರೂ ಬೀಳಾಕ ಶುರು ಮಾಡೇತಿ ಅಂತನ ತಿಳೀಬೇಕು. 11 ತಿಂಗಳಿಗೆ ಏಳೂವರೆ ಕೇಜಿ ಇದ್ದಾಗ ಅದಕ್ಕ ಪಟ್ಟಿಯೊಳಗ ಜಾಗ ಇತ್ತು, 14 ಕ್ಕ ಅದೇ ಏಳೂವರೆ ಅಂದ್ರ ಅಂಚಿಗೆ ಬಂದು ನಿಂತೈತಿ. ಬಣ್ಣ ನೋಡಬ್ಯಾಡ್ರಿ, ಗೆರೆ ಯಾವ ಕಡೆ ಹೊಂಟೈತಿ ಅದನ್ನ ನೋಡ್ರಿ. ನಮ್ಮಲ್ಲಿಗೆ ಬರೋ ಎಷ್ಟೋ ಮಕ್ಕಳದ್ದು ಕಾರ್ಡ್ ತಗದು ನೋಡಿದ್ರ ಆರು ತಿಂಗಳ ಹಿಂದೇನ ಗೆರೆ ಅಡ್ಡ ಆಗಿರ್ತದ, ಕೆಂಪಿಗೆ ಬಿದ್ದ ಮ್ಯಾಲೇ ಯಾರೋ ಕಳಿಸಿರ್ತಾರ. ಅಷ್ಟೊತ್ತಿಗೆ ಕೂಸು ಊಟಾನೇ ಬ್ಯಾಡ ಅನ್ನೋ ಸ್ಥಿತಿಗೆ ಬಂದಿರ್ತದ.

ನಾಳೇನ ಮಾಡ್ರಿ. ಎಡಗೈ ತೋಳಿನ ನಡುವೆ ಪಟ್ಟಿ ಹಾಕಿ ಸುತ್ತಳತೆ ತಗೀರಿ. ಆರು ತಿಂಗಳಿಂದ ಐದು ವರ್ಷದ ಒಳಗಿನ ಕೂಸಿಗೆ ಹನ್ನೆರಡೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಅಂದ್ರ ಮಧ್ಯಮ ಅಪೌಷ್ಟಿಕತೆ, ಹನ್ನೊಂದೂವರೆಗಿಂತ ಕಡಿಮೆ ಅಂದ್ರ ತೀವ್ರ. ಎರಡೂ ಪಾದದ ಮ್ಯಾಲೆ ಹೆಬ್ಬೆಟ್ಟಿಂದ ಮೂರು ಸೆಕೆಂಡ್ ಒತ್ತಿ ಬಿಡ್ರಿ, ಕುಳಿ ಉಳಿದ್ರ ಅದು ಬಾವು, ಅಂಥಾ ಕೂಸಿಗೆ ತೋಳಿನ ಅಳತೆ ಎಷ್ಟ ಇರಲಿ ಅದೇ ದಿನ ದವಾಖಾನಿಗೆ ಕಳಿಸಬೇಕು. ತೀವ್ರ ಇದ್ದು ಊಟ ಒಲ್ಲೆ ಅಂದ್ರ, ಜ್ವರ, ಭೇದಿ, ಏದುಸಿರು ಇದ್ರ ಜಿಲ್ಲಾ ಮಟ್ಟದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕ ದಾಖಲು ಮಾಡಬೇಕು, ಸಾಮಾನ್ಯವಾಗಿ 14 ದಿನ ಇಟ್ಕೋತಾರ. ಅಷ್ಟು ದಿನ ತಾಯಿ ಕೂಲಿ ಬಿಡಬೇಕಲ್ಲ, ಅದಕ್ಕಂತ ಆಕಿಗೆ ಭತ್ಯೆ ಕೊಡೋ ವ್ಯವಸ್ಥೆ ಐತಿ, ಅದನ್ನ ಮನೆಯವರಿಗೆ ಮೊದಲೇ ಹೇಳ್ರಿ. ಆದ್ರ ಕುಟುಂಬ ಒಲ್ಲೆ ಅನ್ನೋದು ದುಡ್ಡಿನ ಸಲುವಾಗಿ ಅಷ್ಟ ಅಲ್ಲ, ಮನ್ಯಾಗ ಉಳಿದ ಇನ್ನೆರಡು ಮಕ್ಕಳನ್ನ ಯಾರು ನೋಡ್ಬೇಕು ಅನ್ನೋದು ದೊಡ್ಡ ಪ್ರಶ್ನೆ. ಕೋಆರ್ಡಿನೇಟರ್ ಆದವರು ಆ 14 ದಿನಕ್ಕ ಅಜ್ಜಿನೋ ಚಿಗವ್ವನೋ ಯಾರು ಬಂದು ಇರ್ತಾರ ಅಂತ ಗೊತ್ತು ಮಾಡಿಕೊಂಡು ಆಮ್ಯಾಲೆ ದಾಖಲು ಮಾತು ತಗೀಬೇಕು, ಇಲ್ಲಾಂದ್ರ ಮೂರನೇ ದಿನಕ್ಕ ಬಿಡಿಸ್ಕೊಂಡು ಹೋಗಿಬಿಡ್ತಾರ.

ಕೂಸಿನ ಊಟದ ಬಗ್ಗೆ. ಎದೆಹಾಲು ಕುಡಿಯೋ ಒಂದು ವರ್ಷ ದಾಟಿದ ಕೂಸಿಗೆ ಮ್ಯಾಲಿನ ಊಟದಿಂದ ದಿನಕ್ಕ ಸುಮಾರು 550 ಕಿಲೋಕ್ಯಾಲರಿ ಹೋಗಬೇಕು. ಹೊಟ್ಟೆ ಸಣ್ಣದು, ಒಂದ ಸಲಕ್ಕ ಒಂದು ಬಟ್ಟಲು ಹಿಡಿಯೋದೇ ಕಷ್ಟ. ನಮ್ಮ ಕಡೆ ಕೂಸಿಗೆ ಅಂದ್ರ ನೀರು ನೀರು ಗಂಜಿ, ಸಾರಿನ ತಿಳಿ, ಚಾದಾಗ ಅದ್ದಿದ ಟೋಸ್ಟು. ಹೊಟ್ಟೆ ತುಂಬತದ, ಕೂಸು ಮಲಗತದ, ಮನೆಯವರಿಗೆ ಸಮಾಧಾನ, ಆದ್ರ ಅದರಾಗ ಸತ್ವ ಇರಂಗಿಲ್ಲ. ಚಮಚ ವಾರೆ ಮಾಡಿದ್ರ ಕೆಳಗ ಸುರೀಬಾರದು, ಅಷ್ಟು ಗಟ್ಟಿ ಇರಬೇಕು. ಬ್ಯಾಳಿ ಅನ್ನ ಮೆತ್ತಗ ನುರಿದು ಒಂದು ಸಣ್ಣ ಚಮಚ ಎಣ್ಣೆ ಅಥವಾ ತುಪ್ಪ ಹಾಕಿದ್ರ ಅದರಿಂದನ 45 ಕಿಲೋಕ್ಯಾಲರಿ ಹೆಚ್ಚಿಗಿ, ಬಟ್ಟಲು ಅಷ್ಟ. ಶೇಂಗಾ ನುಣ್ಣಗ ಪುಡಿ ಮಾಡಿ ಹಾಕ್ರಿ, ಇಡೀ ಕಾಳು ಕೊಡಬ್ಯಾಡ್ರಿ, ಶ್ವಾಸನಾಳಕ್ಕ ಹೋಗ್ತದ. ಮೊಳಕೆ ಒಡೆಸಿ ಒಣಗಿಸಿ ಹುರಿದು ಬೀಸಿದ ರಾಗಿ, ಗೋಧಿ, ಹೆಸರಿನ ಹಿಟ್ಟಿಂದ ಮಾಡಿದ ಗಂಜಿ ಗಟ್ಟಿ ಇದ್ದರೂ ಅಂಟಂಗಿಲ್ಲ, ಕೂಸು ಸರಳ ನುಂಗತದ. ಇದರಾಗ ಜೋಳ ಮಾತ್ರ ಬ್ಯಾಡ. ಎಳೇ ಜೋಳ ಮೇಯ್ದು ದನ ಸತ್ತದ್ದು ನಮ್ಮ ಭಾಗದ ಎಲ್ಲಾ ರೈತರಿಗೂ ಗೊತ್ತು, ಅದೇ ವಿಷದ ಅಂಶ ಜೋಳದ ಮೊಳಕೆಯೊಳಗೂ ಇರ್ತದ. ಮೊಳಕೆ ಒಡೆಸದ ಜೋಳದ ಹಿಟ್ಟು ಏನೂ ಮಾಡಂಗಿಲ್ಲ.

ಟೀಚರಕ್ಕ ಹೇಳಿದ್ದಕ್ಕ ಒಂದು ಸೇರಿಸ್ತೀನಿ. ಬಸುರೇರಿಗೆ ಕೊಡೋ ಪೂರಕ ಆಹಾರದ ಲೆಕ್ಕ ಸುಮಾರು 600 ಕಿಲೋಕ್ಯಾಲರಿ. ಇದು ಮನೆ ಊಟದ ಮ್ಯಾಲೆ ಹೆಚ್ಚಿಗಿ. ಆದ್ರ ಅಲ್ಲೇ ಉಂಡು ಬಂದಾಳಲ್ಲ ಅಂತ ಮನ್ಯಾಗ ಆಕಿ ಪಾಲಿನ ರೊಟ್ಟಿ ಕಡಿಮೆ ಆದ್ರ ಲೆಕ್ಕ ಅಲ್ಲಿಗೇ ಬಂತು. ಹಾಜರಿ ಎಷ್ಟು ಅಂತ ಕೇಳೋ ಜೋಡಿ ನಿನ್ನೆ ಮನ್ಯಾಗ ಎಷ್ಟು ರೊಟ್ಟಿ ತಿಂದಿ, ಸೊಪ್ಪು ತಿಂದ್ಯಾ ಅಂತಾನೂ ಕೇಳ್ರಿ.

ಮತ್ತ ಬಾಣಂತಿಯರ ವಿಷಯದಾಗ ಡಬ್ಬಿ ಮನಿಗೆ ಹೋಗಬಾರದು ಅನ್ನೋದಕ್ಕ ನನ್ನ ಒಪ್ಪಿಗೆ ಇಲ್ಲ. ಹಡೆದು ಹತ್ತು ದಿನ ಆದಾಕಿ, ತಲೆಗೆ ಬಟ್ಟೆ ಕಟ್ಕೊಂಡು ಕತ್ತಲ ಕೋಣ್ಯಾಗ ಮಲಗಿದಾಕಿ, ಕೇಂದ್ರಕ್ಕ ಬರಂಗಿಲ್ಲ, ಬರಲೂ ಬಾರದು. ಆಕಿಗೆ ತಲುಪಲಿಲ್ಲ ಅಂದ್ರ ಎದೆಹಾಲಿನ ಅತಿ ಮುಖ್ಯ ದಿನಗಳಾಗ ಊಟ ತಪ್ಪಿದಂಗ.


ಬ್ಯಾಡಗಿ ಟೀಚರಕ್ಕ:

ಡಾಕ್ಟರ್ ಸರ, ಬಾಣಂತಿ ಮಾತು ನೀವು ಹೇಳಿದ್ದ ಖರೆ, ನಾನು ಹೊಲಕ್ಕ ಹೋಗೂರ ಬಗ್ಗೆ ಹೇಳಿದ್ದು. ಬಾಣಂತಿಗೆ ನಮ್ಮ ಆಯಾ ಡಬ್ಬಿ ಒಯ್ದು, ತಿನ್ನೂತನಕ ಅಲ್ಲೇ ಕುಂತು, ಕೂಸಿನ ಮಾತಾಡಿಸಿ ಬರ್ತಾಳ. ಹಾಲು ಹೆಂಗ ಹಿಡೀತೈತಿ, ನೀರು ಕುಡದ್ಯೇನು, ಜ್ವರ ಬಂದಾವನು ಅನ್ನೂದು ಆ ಹತ್ತು ನಿಮಿಷದಾಗ ಗೊತ್ತಾಗತೈತಿ. ಬಾಣಂತಿಗೆ ನೀರು ಕೊಡಬಾರದು ಅನ್ನೂದು ಇನ್ನೂ ನಡದೈತಿ, ಹಾಲು ಎಲ್ಲಿಂದ ಬರಬೇಕು ಹೇಳ್ರಿ. ಆದ್ರ ನಮ್ಮ ಆಯ್ಗೋಳು (ಅಜ್ಜಿಗೋಳು) ಮಾಡೂ ಅಂಟಿನ ಉಂಡಿ, ಅಳವಿ ಪಾಯಸ ಇವಕ್ಕ ಯಾರೂ ಅಡ್ಡ ಬರಬ್ಯಾಡ್ರಿ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ, ಅಂಟು ಎಲ್ಲಾ ಹಾಕಿರ್ತಾರ, ಅದನ್ನ ಹೊಗಳಿ ಆಮ್ಯಾಲೆ ನೀರಿನ ಮಾತು ತಗದ್ರ ಆಯಿ ಕೇಳ್ತಾಳ.


ನರಗುಂದದ ಸೊಸಿ:

ನಾನು ಕೆಲಸದಾಕಿ ಅಲ್ರಿ, ಉಣ್ಣಾಕ ಹೋಗಬೇಕಿದ್ದಾಕಿ. ನನ್ನ ಮಗಗ ಈಗ ಒಂದು ವರ್ಷ ಎರಡು ತಿಂಗಳು. ಬಸುರಿದ್ದಾಗ ನಾಕ ತಿಂಗಳು ಅಂಗನವಾಡಿ ಕಡೆ ಹೋಗ್ಲಿಲ್ಲ. ಎಲ್ಲಾರೂ ಅತ್ತಿ ಕಳಸೂದಿಲ್ಲ ಅಂತ ತಿಳ್ಕೊಂಡಿದ್ರು, ಖರೇ ಅಂದ್ರ ನಮ್ಮ ಅತ್ತಿ ಬ್ಯಾಡ ಅಂದೇ ಇರಲಿಲ್ಲ. ನನಗ ನಾಚಿಕಿ. ಹೊಸಾ ಊರು, ಗುರ್ತಿನವರಿಲ್ಲ, ಅಷ್ಟು ಮಂದಿ ನಡುವ ಒಬ್ಬಾಕಿ ಹೋಗಿ ಗಂಗಾಳ ಹಿಡದು ಕುಂದ್ರೂದು ಹೆಂಗ ಅಂತ. ಟೀಚರ್ ಎರಡು ಸಲ ಹೇಳಿ ಕಳಿಸಿದ್ರು, ಹೂಂ ಅಂದ್ನಿ. ಆಮ್ಯಾಲೆ ಬಾಜೂ ಮನಿಯಾಕಿ, ಆಕಿನೂ ಬಸುರಿ, ಒಂದಿನ ಬಾಗಲಿಗೆ ಬಂದು ನಿಂತು ಏಳ ನಡಿ ನಾನೊಬ್ಬಾಕಿ ಹೋಗಂಗಿಲ್ಲ ಅಂದ್ಲು. ಅವತ್ತಿಂದ ಹೆರಿಗಿಗೆ ತವರಮನಿಗೆ ಹೋಗೂತನಕ ಒಂದಿನ ತಪ್ಪಸಲಿಲ್ಲ. ಅದಕ್ಕ ಕರಿಯಾಕ ಆಯಾನ್ನ ಕಳಸೂದಕ್ಕಿಂತ ಇಬ್ಬಿಬ್ರನ್ನ ಜೋಡಿ ಮಾಡಿ ಬಿಡ್ರಿ.

ತವರಮನಿ ಅಂದ್ನಲ್ಲ, ಅದೂ ಒಂದು ಐತಿ. ನನ್ನ ತವರು ಸವಣೂರ ಕಡೆ. ಏಳು ತಿಂಗಳಾಗ ಕುಬಸ (ಸೀಮಂತ) ಮಾಡಿ ಕರಕೊಂಡು ಹೋದ್ರು, ಇಲ್ಲಿ ನನ್ನ ಹೆಸರು ಇತ್ತು, ಅಲ್ಲಿ ಇರಲಿಲ್ಲ. ಎರಡು ತಿಂಗಳು ಎಲ್ಲೂ ಊಟಾನೂ ಇಲ್ಲ, ಗುಳಿಗೀನೂ ತಪ್ಪಿದ್ವು. ನಮ್ಮ ಕಡೆ ಎಷ್ಟೋ ಮಂದಿ ಬಸುರಿನ ಕೊನಿ ತಿಂಗಳು, ಬಾಣಂತನ ಎಲ್ಲಾ ತವರಾಗ ಇರ್ತೇವಿ, ಆ ಹೊತ್ತಿನಾಗ ನಾವು ಯಾವ ಊರಿನ ಲೆಕ್ಕಕ್ಕೂ ಇರಂಗಿಲ್ಲ. ಕುಬಸ ಯಾವಾಗ ಅಂತ ಕೇಳ್ರಿ, ಅವತ್ತಿನ ಒಳಗ ತವರೂರಿನ ಟೀಚರ್‌ಗೆ ಫೋನ್ ಮಾಡ್ರಿ. ಅಷ್ಟ ಮಾಡಿದ್ರ ಪುಣ್ಯ ಬರತೈತಿ.

ಗುಳಿಗಿ ವಿಷಯ ಡಾಕ್ಟರ್ ಸರ ಏನರ ಹೇಳ್ರಿ, ನನಗ ವಾಂತಿ ಬರ್ತಿತ್ತು ಅಂತ ಅರ್ಧಕ್ಕರ್ಧ ಬಿಟ್ನಿ.


ಕುಂದಗೋಳ ಡಾಕ್ಟರ್:

ನಿಮ್ಮ ಎರಡು ಊರಿನ ಮಾತು ಮುಖ್ಯ, ಎಲ್ಲಾರೂ ಬರಕೊಳ್ರಿ.

ಕಬ್ಬಿಣದ ಗುಳಿಗೆ ನಾಲ್ಕನೇ ತಿಂಗಳಿಂದ ದಿನಾ ಒಂದು, ಕನಿಷ್ಠ 180 ದಿನ, ಹಡೆದ ಮ್ಯಾಲೆ ಮತ್ತ 180 ದಿನ. ಹೊಟ್ಟೆ ತೊಳಸಿದಂಗ ಆಗ್ತಿದ್ರ ರಾತ್ರಿ ಊಟ ಆದ ಮ್ಯಾಲೆ ತಗೊಂಡು ಮಲಗಬೇಕು, ಬಿಡಬಾರದು. ಚಾ ಕುಡಿಯೋದು ಗುಳಿಗೆಗಿಂತ ಒಂದು ತಾಸು ಮೊದಲು ಇಲ್ಲಾ ಒಂದು ತಾಸು ಆಮ್ಯಾಲೆ. ಕ್ಯಾಲ್ಸಿಯಂ ಗುಳಿಗೆ ಇದರ ಜೋಡಿ ನುಂಗಬಾರದು, ಎರಡು ತಾಸು ಅಂತರ ಇರಲಿ. ಊಟದಾಗ ಲಿಂಬೆ ಹಿಂಡ್ಕೊಳ್ರಿ. ಮಲ ಕಪ್ಪಾಗ್ತದ, ಅದಕ್ಕ ಅಂಜಬ್ಯಾಡ್ರಿ, ಇದನ್ನ ಯಾರೂ ಮೊದಲೇ ಹೇಳಂಗಿಲ್ಲ, ಅಂಜಿ ಬಿಟ್ಟವರು ಭಾಳ ಮಂದಿ. ಬಸುರಿಯೊಳಗ ಹಿಮೋಗ್ಲೋಬಿನ್ 11 ಕ್ಕಿಂತ ಕಡಿಮೆ ಅಂದ್ರ ರಕ್ತಹೀನತೆ, 7 ಕ್ಕಿಂತ ಕಡಿಮೆ ಅಂದ್ರ ಗುಳಿಗೆ ಮ್ಯಾಲೆ ಬಿಡಬಾರದು, ದೊಡ್ಡ ದವಾಖಾನಿಗೇ ಹೋಗಬೇಕು.


ತಾಂಡಾದ ಹುಡುಗ:

ನಮ್ಮದು ಮುಂಡರಗಿ ಕಡೆ ತಾಂಡಾ. ಮ್ಯಾಲೆ ಎಲ್ಲಾರೂ ಹೆಣ್ಮಕ್ಳಿಗೆ ಹೇಳೀರಿ, ಗಂಡಸರ ಬಗ್ಗೆ ಯಾರೂ ಏನೂ ಅಂದಿಲ್ಲ. ನಮ್ಮಲ್ಲಿ ದೀಪಾವಳಿ ಆದ ಮ್ಯಾಲೆ ಅರ್ಧಾ ತಾಂಡಾ ಗೋವಾ, ಮಂಗಳೂರ ಕಡೆ ದುಡಿಯಾಕ ಹೊಕ್ಕೈತಿ, ಸಣ್ಣ ಕೂಸು ಇದ್ದ ತಾಯಂದ್ರೂ ಹೊಕ್ಕಾರ. ಹೋಗೂದು ಬ್ಯಾಡ ಅನ್ನಾಕ ಆಗಂಗಿಲ್ಲ, ಸಾಲ ಇರ್ತಾವ. ಹೋಗೂ ಮೊದಲು ತಾಯಿ ಕಾರ್ಡು, ಕೂಸಿನ ಲಸಿಕಿ ಕಾರ್ಡು ಪ್ಲಾಸ್ಟಿಕ್ ಕವರಿನಾಗ ಹಾಕಿ ಗಂಡನ ಕೈಯಾಗ ಕೊಟ್ಟು, ಅಲ್ಲಿನೂ ಅಂಗನವಾಡಿ ಇರ್ತಾವ, ಹೋಗಿ ಹೆಸರು ಹಚ್ಚಸಬೇಕು ಅಂತ ಅವನಿಗೆ ಹೇಳ್ರಿ. ಹೊರಗ ಓಡಾಡಂವ ಅಂವ, ಭಾಷಿ ಬರೂದು ಅವನಿಗೆ.

ಮತ್ತ ಪಂಚಾಯ್ತಿಯಾಗ ಕೂಸಿನ ಮನಿ ಐತೇನು ನೋಡ್ರಿ. 2023 ರ ಬಜೆಟ್‌ನಾಗ 4,000 ಗ್ರಾಮ ಪಂಚಾಯ್ತಿಗೆ ಅಂತ ಹೇಳಿದ್ರು, ಉದ್ಯೋಗ ಖಾತ್ರಿಗೆ ಹೋಗೂ ತಾಯಂದ್ರ ಸಣ್ಣ ಮಕ್ಕಳನ್ನ ಹಗಲೊತ್ತು ನೋಡ್ಕೊಳ್ಳಾಕ. ನಿಮ್ಮ ಊರಾಗ ಇದ್ರ ಎರಡು ವರ್ಷದ ಒಳಗಿನ ಕೂಸು ಅಲ್ಲೆ ಸಿಗ್ತಾವ, ಹಗಲು ಒಂದು ಗಟ್ಟಿ ಊಟ ಅಲ್ಲೆ ಆಗತೈತಿ. ಹೆಸರಿಗಷ್ಟ ಐತಿ, ಕೀಲಿ ಹಾಕೇತಿ ಅಂದ್ರ ಗ್ರಾಮಸಭಾದಾಗ ಕೇಳ್ರಿ.


ಶಿರಹಟ್ಟಿ ಕಡೆಯಾಕಿ:

ಆರು ವಾರ ಆತು, ಏನಾತು ಅಂತ ಹೇಳಬೇಕು ಅನ್ನಿಸ್ತು.

ಮೊದಲು ಕೂಸಿನ ಸುದ್ದಿ. ಡಾಕ್ಟರ್ ಸರ ಹೇಳಿದ ಮರುದಿನ ಟೀಚರ್ ತೋಳಿನ ಅಳತಿ ತಗದ್ರು, 12.2 ಬಂತು. ಕಾಲ ಬಾವು ಇರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ತೋರಿಸಿ ದಾಖಲು ಬ್ಯಾಡ, ಮನ್ಯಾಗ ನೋಡ್ಕೊಳ್ರಿ ಅಂದ್ರು. ಮನಿಗೆ ಹೋದ್ರ ಅವ್ವ ಮುಂಜಾನೆ ಏಳಕ್ಕ ಹೊಲಕ್ಕ ಹೋಗಿ ಸಂಜಿಗೆ ಬರ್ತಾಳ, ಹಗಲೆಲ್ಲಾ ಕೂಸು ಅಜ್ಜಿ ಕೈಯಾಗ. ನಾವು ಎಂಟು ತಿಂಗಳಿಂದ ಮೀಟಿಂಗ್‌ಗೆ ಕರದು ಹೇಳಿದ್ದೆಲ್ಲಾ ಅವ್ವಗ, ಉಣಸೂದು ಅಜ್ಜಿ. ಅಜ್ಜಿಗೆ ಹಲ್ಲಿಲ್ಲ, ತಾನು ಚಾದಾಗ ಟೋಸ್ಟ್ ಅದ್ದಿ ತಿಂತಾಳ, ಕೂಸಿಗೂ ಅದನ್ನ ಕೊಡ್ತಾಳ, ಅಷ್ಟು ಪ್ರೀತಿಯಿಂದ ಕೊಡ್ತಾಳ ನೋಡ್ರಿ, ತಪ್ಪು ಅನ್ನಾಕ ನನಗ ಬಾಯಿ ಬರಲಿಲ್ಲ. ಅಜ್ಜಿ ಜೋಡಿನ ಒಲಿ ಮುಂದ ಕುಂತು ಬ್ಯಾಳಿ ಅನ್ನ ನುರಿದು, ಶೇಂಗಾ ಪುಡಿ ತುಪ್ಪ ಹಾಕಿ, ಚಮಚ ವಾರಿ ಮಾಡಿ ತೋರಿಸಿದ್ನಿ. ಹಿಂಗಿದ್ರ ನನಗೂ ನುಂಗಾಕ ಬರ್ತೈತಿ ಬಿಡವ್ವಾ ಅಂದ್ಲು. ಈಗ ಇಬ್ರೂ ಅದನ್ನ ತಿಂತಾರ, ಕೂಸಿನ ಬಟ್ಟಲು ಬ್ಯಾರೆ ಮಾಡಿ ಅಂತ ಇನ್ನೊಂದು ತಂದು ಕೊಟ್ಟೇನಿ, ಎಷ್ಟು ಖಾಲಿ ಆತು ಅಂತ ಗೊತ್ತಾಗಬೇಕಲ್ಲ. ಮೊನ್ನೆ ತೂಕ ಏಳು ಕೇಜಿ ಎಂಟುನೂರು. ಟೀಚರ್ ಎರಡು ಸಲ ತೂಕದ ಮಷಿನ್ ಮ್ಯಾಲೆ ಹಾಕಿ ನೋಡಿದ್ರು.

ಮುಂಜಾನಿ ಊಟ ಎರಡು ಕೇಂದ್ರದಾಗ ನಡದೈತಿ, ಮೇಲ್ವಿಚಾರಕಿಯವರ ಒಪ್ಪಿಗಿ ಕಾಗದದ ಮ್ಯಾಲೆ ಸಿಕ್ತು. ಮೂರು ಮಂದಿ ಇದ್ದ ಕೇಂದ್ರಕ್ಕ ಈಗ ಒಂಬತ್ತು ಮಂದಿ ಬರ್ತಾರ. ಸಂಘದ ಸರದಿ ಒಂದು ಕಡೆ ಚಲೋ ಹೊಂಟೈತಿ, ಇನ್ನೊಂದು ಕಡೆ ಎರಡನೇ ವಾರಕ್ಕ ಬಿದ್ದು ಹೋತು. ಯಾಕಂದ್ರ ಸರದಿ ಬಂದಾಕಿಗೂ ಅದ ಬುಡ್ಡಿ ಬಿಡಸೂ ಕೂಲಿ ಇರ್ತೈತಿ, ಅದನ್ನ ನಾ ವಿಚಾರ ಮಾಡಿದ್ದಿಲ್ಲ. ಅಲ್ಲಿ ಈಗ ಹೊಲಕ್ಕ ಹೋಗದ ಇಬ್ರು ವಯಸ್ಸಾದ ಹೆಣ್ಮಕ್ಳು ಬರಾಕತ್ಯಾರ, ಒಕ್ಕೂಟದ ದುಡ್ಡಿನಾಗ ಅವರಿಗೆ ಸ್ವಲ್ಪ ಏನರ ಕೊಡಬೇಕು ಅಂತ ಮುಂದಿನ ಸಭಾದಾಗ ಇಡ್ತೇನಿ. ಉಳದ ಐದು ಕೇಂದ್ರದಾಗ ಟೀಚರ್‌ಗೋಳು ಆಗಂಗಿಲ್ಲ ಅಂದ್ರು. ಅದ್ರಾಗ ಒಬ್ರು ದಿನಾ ಬಸ್ಸಿನಾಗ ಬರೂರು, ಎಂಟಕ್ಕ ಬರ್ರಿ ಅಂತ ನಾ ಹೆಂಗ ಹೇಳ್ಲಿ.

ಮೂರು ಪುಸ್ತಕ ಒಂದ ಸಲ ಕೂಡಸೇವಿ. ಅರ್ಧಾ ತಾಸು ಅಂದಿದ್ದು ಎರಡು ತಾಸು ಹಿಡೀತು, ಯಾಕಂದ್ರ ಒಂದ ಕೂಸಿಗೆ ಮೂರು ಹೆಸರು. ಟೀಚರ್ ಕಡೆ ಆಧಾರ್ ಹೆಸರು, ಆಶಾ ಕಡೆ ಕರಿಯೂ ಹೆಸರು, ಕಾರ್ಡಿನಾಗ ತಾಯಿ ಹೆಸರಿನ ಕೂಸು ಅಂತ. ಅದನ್ನ ಹೊಂದಸೂದ್ರಾಗ ಹೊತ್ತು ಹೋತು, ಆದ್ರ ಅವತ್ತ ಇನ್ನೂ ನಾಕ ಕೂಸು ಸಿಕ್ವು ಗೆರಿ ಅಡ್ಡ ಹೋಗಿದ್ದು. ಒಂದಕ್ಕ ತೋಳಿನ ಅಳತಿ 11.3, ಜ್ವರ ಬ್ಯಾರೆ, ಜಿಲ್ಲಾಕ್ಕ ಕಳಿಸೇವಿ. ಆ ಮನ್ಯಾಗಿನ ದೊಡ್ಡ ಹುಡುಗಿನ್ನ ನೋಡ್ಕೊಳ್ಳಾಕ ಆಕಿ ಚಿಗವ್ವ ಬಂದು ಅದಾಳ, ಇವತ್ತಿಗೆ ಒಂಬತ್ತು ದಿನ. ದಿನಾ ಸಂಜಿಗೆ ಫೋನ್ ಮಾಡ್ತೇನಿ.

ತವರಮನಿ ಲೆಕ್ಕ ನರಗುಂದದ ತಂಗಿ ಹೇಳಿದ್ದು ಕೇಳಿ ಕುಬಸದ ತಾರೀಖು ಬರಕೊಳ್ಳಾಕ ಚಾಲೂ ಮಾಡೇನಿ. ಈ ತಿಂಗಳು ಹೊರಗ ಹೋಗೂರು ಮೂರು ಮಂದಿ, ಒಬ್ಬಾಕಿ ಹಾನಗಲ್ ಕಡೆ, ಒಬ್ಬಾಕಿ ರೋಣ, ಒಬ್ಬಾಕಿ ಅಣ್ಣಿಗೇರಿ. ಆ ಕಡೆ ಅಂಗನವಾಡಿಯಾಗ ಕೆಲಸ ಮಾಡೂರು ಇಲ್ಲಿ ಯಾರರ ಇದ್ರ ನನಗ ಮೆಸೇಜ್ ಹಾಕ್ರಿ, ಊರ ಹೆಸರು ಅಲ್ಲೇ ಹೇಳ್ತೇನಿ. ಅಣ್ಣಿಗೇರಿಯಾಕಿ ಬರೂ ಸೋಮವಾರ ಹೊಂಟಾಳ.